ಸಾರಥಿ ಇಲ್ಲದ ಆಟ

ರಾಯಚೂರು
12-9-1976

ಮಸರಕಲ್ಲಿನ ಶ್ರೀ ಪರಮಣ್ಣ ಮಾಸ್ತರರಿಗೆ ವಿರೂಪಣ್ಣನ ಶರಣು ಶರಣಾರ್ಥಿ. ಇಲ್ಲಿ ನಾನು, ನಮ್ಮ ಸೂಗಮ್ಮ, ಮಕ್ಕಳು ಎಲ್ಲ ಸುಖ. ಅಲ್ಲಿ ನೀವೂ ಬಾಲಮ್ಮನವರೂ ನಿಮ್ಮ ಕುರಿಮರಿಗಳೂ ಸುಖವೆಂದು ನಂಬಿದ್ದೇನೆ.

ಹೋದ ವರ್ಷ ಮಾನ್ವಿಯಲ್ಲಿ ನಿಮ್ಮ ಮೇಳದ ಕೀಚಕನ ಆಟ ನೋಡಿದಾಗಿನಿಂದ ನನ್ನ ಕಿವಿ ನನ್ನ ಮಾತು ಕೇಳುತ್ತಿಲ್ಲ. ರೈಸ್ ಮಿಲ್ಲಿನ ಯಂತ್ರ ಗಡಗಡ ಓಡುವಾಗಲೂ ನಿಮ್ಮ ಕನಕರಾಯ ಸೈರಂಧ್ರಿಯಾಗಿ ಹಾಡಿದ ಆ ಭೈರವಿಯೇ ಕೇಳಿಸುತ್ತದೆ. ದೊಡ್ಡ ದೊಡ್ಡ ಗವಾಯಿಗಳ ರಿಕಾರ್ಡು ನನ್ನ ಮನೆಯಲ್ಲಿವೆ. ಆದರೆ ಸೀರೆ ಉಟ್ಟ ಗಂಡಸೊಬ್ಬ, ಹಗಲೆಲ್ಲ ಕುರಿ ಕಾಯುವವ, ಮೇಲಿನ ಷಡ್ಜಕ್ಕೆ ಏರಿ ಅಷ್ಟೂ ಜನರನ್ನು ಅಳಿಸಿದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ. ದ್ರೌಪದಿ ದಾಸಿಯ ಹೆಸರಿಟ್ಟುಕೊಂಡು ವಿರಾಟನ ಮನೆಯಲ್ಲಿ ತಲೆ ಬಾಚುವ ಕೆಲಸ ಮಾಡಿದ ದುಃಖ ನನಗೆ ಪುಸ್ತಕ ಓದಿ ತಿಳಿದಿರಲಿಲ್ಲ. ನಿಮ್ಮ ಬಯಲಾಟ ನೋಡಿ ತಿಳಿಯಿತು.

ನಮ್ಮ ಸಂಗೀತ ಸಭೆಗೆ ಬರುವ ನವೆಂಬರ್ ಇಪ್ಪತ್ತಕ್ಕೆ ಹತ್ತು ವರ್ಷ ತುಂಬುತ್ತದೆ. ಪುರಾಣವನ್ನು ಕುಣಿತದಲ್ಲಿ, ಹಾಡಿನಲ್ಲಿ ಹೇಳುವ ಕಾರ್ಯಕ್ರಮ ಮಾಡಬೇಕೆಂದು ನಿಶ್ಚಯಿಸಿದ್ದೇವೆ. ಮೊದಲು ನಮ್ಮೂರ ಹೆಣ್ಣುಮಕ್ಕಳ ದಶಾವತಾರ ನೃತ್ಯ, ಆಮೇಲೆ ನಿಮ್ಮ ಕೀಚಕ. ನಿಮಗೆ ಒಂದೂವರೆ ತಾಸು. ದೊಡ್ಡ ಹುದ್ದೆಯ ಸಾಹೇಬರೊಬ್ಬರು ಅಧ್ಯಕ್ಷರಾಗಿ ಬರುತ್ತಾರೆ. ಕರೆಂಟಿನ ದೀಪ, ಮೈಕು, ಪರದೆ ಎಲ್ಲ ಇರುತ್ತವೆ. ನನ್ನ ಟೇಪ್ ರಿಕಾರ್ಡರಿನಲ್ಲಿ ನಿಮ್ಮ ಹಾಡು ಹಿಡಿದಿಡುವ ಆಸೆಯೂ ಇದೆ.

ಒಂದು ಸಣ್ಣ ಮಾತು. ಬೆಳತನಕ ನಡೆಯುವ ಆಟವನ್ನು ಒಂದೂವರೆ ತಾಸಿಗೆ ತರಬೇಕಾದರೆ ಏನಾದರೂ ಬಿಡಲೇಬೇಕು. ಪ್ರತಿ ವೇಷ ಬಂದಾಗಲೂ ಸಾರಥಿ ಎದುರು ನಿಂತು “ತಾವು ಯಾರು, ನಾಮಾಂಕಿತವೇನು, ಈ ಸಭೆಗೆ ಬಂದ ಕಾರಣವೇನು” ಎಂದು ಕೇಳುವುದಕ್ಕೇ ಬಹಳ ಹೊತ್ತು ಹಿಡಿಯುತ್ತದೆ. ಪಾತ್ರಗಳ ಹೆಸರನ್ನು ಕರಪತ್ರದಲ್ಲಿ ಅಚ್ಚು ಹಾಕಿಸುತ್ತೇವೆ. ಆದ್ದರಿಂದ ಈ ಸಲ ಸಾರಥಿಯ ಪಾತ್ರ ಬೇಡವೆಂದು ಎಲ್ಲರ ಅಭಿಪ್ರಾಯ. ಆ ಪಾತ್ರ ನಿಮ್ಮದೇ ಆದ್ದರಿಂದ ಹೇಳಲು ಸಂಕೋಚ. ತಾವು ದೊಡ್ಡ ಮನಸ್ಸಿನವರು, ತಿಳಿದುಕೊಳ್ಳುತ್ತೀರಿ.

ತಮ್ಮ
ವಿರೂಪಣ್ಣ

ಮಸರಕಲ್
21-9-1976

ಬೀರಲಿಂಗೇಶ್ವರನ ಪಾದವೇ ಗತಿ.

ವಿರೂಪಣ್ಣ ಸಾಹುಕಾರರಿಗೆ ಪರಮಣ್ಣನ ನಮಸ್ಕಾರ. ಕ್ಷೇಮದ ಸುದ್ದಿ ಆಮೇಲೆ. ಮೊದಲು ಸಿಟ್ಟಿನ ಸುದ್ದಿ.

ನಿಮ್ಮ ಕಾಗದ ಬಂದಾಗ ಬಾಲಮ್ಮನನ್ನು ಕೂಡಿಸಿಕೊಂಡು ಗಟ್ಟಿಯಾಗಿ ಓದಿದೆ. ಭೈರವಿಯ ಮಾತು ಬಂದಾಗ ಎದೆ ಉಬ್ಬಿತು. ಕೊನೆಗೆ ಬಂದಾಗ ನನ್ನ ಬಾಯಿ ತಾನೇ ನಿಂತಿತು. ಆಕೆ ಕೇಳಿದಳು: “ಯಾಕ, ಮುಂದ ಏನು ಬರದಾರ?” “ಏನಿಲ್ಲ, ಅಡ್ರೆಸ್ ಅದ” ಅಂದೆ. ಇಪ್ಪತ್ನಾಲ್ಕು ವರ್ಷ ಸಾರಥಿಯಾದವನು ನಾನು. ಹೆಂಡತಿಯ ಮುಂದೆ ಸುಳ್ಳು ಹೇಳುವಂತೆ ಮಾಡಿದಿರಿ.

ನಾನು ನಾಲ್ಕನೇ ಇಯತ್ತೆ ಓದಿದವನು. ಆಟದ ಪ್ರತಿ ಬರೆದು ಬರೆದು ಅಕ್ಷರ ತಿದ್ದಿಕೊಂಡವನು. ಅದಕ್ಕೇ ನನ್ನ ಬರವಣಿಗೆಯಲ್ಲಿ ಪುಸ್ತಕದ ಮಾತು ಬರುತ್ತದೆ, ಸಿಟ್ಟು ಬಂದರೆ ಮನೆ ಮಾತು ಬರುತ್ತದೆ. ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿರಿ. ಹಾಕಿಕೊಳ್ಳದಿದ್ದರೂ ನಡೆದೀತು.

ಕರಪತ್ರದಲ್ಲಿ ಹೆಸರು ಹಾಕಿಸುತ್ತಾರಂತೆ! ಕೀಚಕ ಯಾರೆಂದು ನಮ್ಮೂರ ಎಮ್ಮೆಗೂ ಗೊತ್ತು. ಗೊತ್ತಿಲ್ಲವೆಂದು ಕೇಳುವುದಲ್ಲ ಸಾಹುಕಾರರೇ. ಎಂಥ ರಾಜನಾದರೂ ಸಭೆಗೆ ಬಂದರೆ ನಾನು ಇಂಥವನು, ಇಂಥ ಕೆಲಸಕ್ಕೆ ಬಂದೆ ಎಂದು ಬಾಯಿಬಿಟ್ಟು ಹೇಳಬೇಕು. ಹೇಳುವವನ ತಲೆಯ ಮೇಲೆ ಕಿರೀಟ, ಕೇಳುವವನ ಹೆಗಲ ಮೇಲೆ ಕಂಬಳಿ. ಕೇಳದ ಹೊರತು ಕಿರೀಟದವನು ತುಟಿ ಎರಡು ಮಾಡುವಂತಿಲ್ಲ. ನಮ್ಮ ಅಪ್ಪ ಹೀಗೇ ಆಡಿದ, ಅವನ ಅಪ್ಪ ಹೀಗೇ ಆಡಿದ. ಹಗಲು ಹೊತ್ತಿನಲ್ಲಿ ಗೌಡರ ಕಟ್ಟೆಯ ಮುಂದೆ ಚಪ್ಪಲಿ ಕೈಯಲ್ಲಿ ಹಿಡಿದು ಹೋಗುತ್ತಿದ್ದ ನನ್ನ ಅಪ್ಪ, ಆಟದಲ್ಲಿ ಮಾತ್ರ ರಾಜನನ್ನು ನಿಲ್ಲಿಸಿ ಕೇಳುತ್ತಿದ್ದ. ಅದನ್ನು ನೀವು “ಬಹಳ ಹೊತ್ತು ಹಿಡಿಯುತ್ತದೆ” ಅನ್ನುತ್ತೀರಿ.

ನೀವು ಹಾಡಿನ ರಸಿಕರು. ಆ ಭೈರವಿ ಎಲ್ಲಿ ಬರುತ್ತದೆ ನೆನಪು ಮಾಡಿಕೊಳ್ಳಿ. ಕೀಚಕ ತುಂಬಿದ ದರ್ಬಾರಿನಲ್ಲಿ ಸೈರಂಧ್ರಿಯನ್ನು ಒದೆಯುತ್ತಾನೆ. ಆಕೆ ವಿರಾಟರಾಜನ ಮುಂದೆ ಬಿದ್ದು ಹಾಡುತ್ತಾಳೆ. ಒದ್ದವನು ರಾಜನ ಮೈದುನ, ಅದಕ್ಕೆ ರಾಜ ಸುಮ್ಮನಿದ್ದಾನೆ. ಗಂಡಂದಿರು ಅಲ್ಲಿಯೇ ಇದ್ದಾರೆ, ವೇಷದ ಗುಟ್ಟು ಒಡೆದೀತೆಂದು ಅವರೂ ಸುಮ್ಮನಿದ್ದಾರೆ. ಯಾರು ಕೇಳಬೇಕು? ಸಾರಥಿ ಕೇಳುತ್ತಾನೆ: “ಲೇ ರಾಜಾ, ನಿನ್ನ ಮೈದುನ ಒದ್ದದ್ದು ಕಾಣಲಿಲ್ಲೇನು?” ಆ ಮಾತು ಬೀಳುವ ತನಕ ಸೈರಂಧ್ರಿ ನೆಲ ಬಿಟ್ಟು ಏಳುವುದಿಲ್ಲ. ನಾನಿಲ್ಲದಿದ್ದರೆ ಆಕೆಯನ್ನು ಎಬ್ಬಿಸುವವರು ಯಾರು? ನಿಮ್ಮ ಕರಪತ್ರವೋ?

ನನ್ನನ್ನು ಬಿಟ್ಟು ಆಟವಿಲ್ಲ. ಇಷ್ಟೇ.

ಪರಮಣ್ಣ

ರಾಯಚೂರು
3-10-1976

ಶ್ರೀ ಪರಮಣ್ಣ ಮಾಸ್ತರರಿಗೆ ಶರಣು.

ತಮ್ಮ ಪತ್ರ ಓದಿ ನಕ್ಕೆ, ಆಮೇಲೆ ಮರುಗಿದೆ. ಕಲಾವಿದರಿಗೆ ಅಭಿಮಾನ ಇರಬೇಕು, ನಿಜ. ಆದರೆ ಹೆಸರು ಕಳೆದೀತೆಂಬ ಭಯ ಇರಬಾರದು. ತಮ್ಮ ಹೆಸರನ್ನು “ಮೇಳದ ಮಾಸ್ತರರು” ಎಂದು ದಪ್ಪ ಅಕ್ಷರದಲ್ಲಿ ಹಾಕಿಸುತ್ತೇನೆ. ಮುಂದಿನ ಸಾಲಿನಲ್ಲಿ ಕುರ್ಚಿ ಕೊಡಿಸುತ್ತೇನೆ, ಶಾಲು ಹೊದಿಸುತ್ತೇನೆ.

ಪುರಾಣವನ್ನು ಒಂದೊಂದು ಕಾಲ ಒಂದೊಂದು ರೀತಿ ಹೇಳಿದೆ. ಮೂಲ ಭಾರತದಲ್ಲಿ ಸಾರಥಿ ಬಂದು ವಿರಾಟನನ್ನು ಕೇಳುವುದಿಲ್ಲ. ಅದು ನಮ್ಮ ಹಳ್ಳಿಯವರು ಸೇರಿಸಿದ್ದು. ತೆಗೆದರೆ ಕಥೆಗೆ ಊನವಿಲ್ಲ. ರಸವಿರುವುದು ಹಾಡಿನಲ್ಲಿ, ಪ್ರಶ್ನೆಯಲ್ಲಲ್ಲ. ನಿಜ ಹೇಳಲೇ, ಮಾನ್ವಿಯಲ್ಲಿ ಆ ಭೈರವಿ ಮುಗಿದ ಕೂಡಲೇ ತಾವು “ಲೇ ರಾಜಾ” ಎಂದು ಕೂಗಿದ್ದು ನನಗೆ ಕಿವಿಗೆ ಕಲ್ಲು ಬಿದ್ದಂತಾಗಿತ್ತು. ಹಾಡು ಇನ್ನೂ ಗಾಳಿಯಲ್ಲಿ ಇರುವಾಗ ಯಾರೂ ಮಾತಾಡಬಾರದು.

ಹುಡುಗರಿಗೆ ಆಸೆ ಇದೆ. ಕನಕರಾಯ ಕಲ್ಮಲಕ್ಕೆ ಬಂದಾಗ ನಮ್ಮ ಗುಮಾಸ್ತನ ಮುಂದೆ ಹೇಳಿದನಂತೆ, “ಒಮ್ಮೆರ ಮೈಕಿನಾಗ ಹಾಡಬೇಕ್ರಿ” ಎಂದು. ತಮ್ಮ ಒಂದು ಪಾತ್ರಕ್ಕಾಗಿ ಹನ್ನೆರಡು ಜನರ ಆಸೆಗೆ ಕಲ್ಲು ಹಾಕಬೇಡಿರಿ.

ವಿರೂಪಣ್ಣ

ಮಸರಕಲ್
12-10-1976

ಸಾಹುಕಾರರೇ,

ಕನಕರಾಯನನ್ನು ಕೇಳಿದೆ. ಹೌದೆಂದ. ಕೀಚಕನ ಪಾತ್ರದ ಬೂದೆಪ್ಪನೂ ಹೌದೆಂದ. ಮದ್ದಳೆ ಮೂಕಪ್ಪ ಮಾತ್ರ “ನೀವು ಹ್ಯಾಂಗಂತೀರಿ ಹಂಗ ಮಾಸ್ತರ್ರೇ” ಅಂದ. ನನಗೂ ಹಟ ಬಂತು. ಹೋಗ್ರಿ, ಮೈಕಿನಾಗ ಹಾಡ್ರಿ, ಕರೆಂಟಿನ ದೀಪದಾಗ ಕುಣೀರಿ ಅಂದೆ. ನನ್ನ ಹೆಸರು ಸಣ್ಣ ಅಕ್ಷರದಲ್ಲೂ ಬೇಡ. ನಾನು ಬರುವುದಿಲ್ಲ. ನಿಮ್ಮ ಕುರ್ಚಿಯ ಮೇಲೆ ನಿಮ್ಮ ಸಾಹೇಬರ ಟೋಪಿ ಇಡಿಸಿರಿ.

ಬಾಲಮ್ಮ ಹುಡುಗರ ಜೊತೆ ಬರುತ್ತಾಳೆ. ಕನಕರಾಯನಿಗೆ ಸೀರೆ ಉಡಿಸುವವಳು ಆಕೆಯೇ, ಬೇರೆಯವರು ಉಡಿಸಿದರೆ ಅವನಿಗೆ ಹೆಜ್ಜೆ ಬರುವುದಿಲ್ಲ. ಆಟ ಮುಗಿಸಿ ಕಲ್ಮಲದ ತಂಗಿಯ ಮನೆಗೆ ಹೋಗುತ್ತಾಳೆ. ಆಕೆಗೆ ಕೂಡಲು ಜಾಗ ಕೊಡಿಸಿದರೆ ಸಾಕು. ಮತ್ತೇನೂ ಕೇಳುವುದಿಲ್ಲ.

ಪರಮಣ್ಣ

ರಾಯಚೂರು
25-11-1976

ಶ್ರೀ ಪರಮಣ್ಣ ಮಾಸ್ತರರಿಗೆ ಶರಣು ಶರಣಾರ್ಥಿ.

ಕಾರ್ಯಕ್ರಮ ಯಶಸ್ವಿಯಾಯಿತು. ಹೆಣ್ಣುಮಕ್ಕಳ ದಶಾವತಾರ ಕಣ್ಣಿಗೆ ಹಬ್ಬ. ತಮ್ಮ ಮೇಳದವರು ಮೊದಲು ಸ್ವಲ್ಪ ತಡವರಿಸಿದರು, ಹೊಸ ಜಾಗವಲ್ಲವೇ. ಕನಕರಾಯನ ಭೈರವಿಗೆ ಸಾಹೇಬರು ತಲೆದೂಗಿದರು. ಎಲ್ಲ ಹಾಡೂ ಟೇಪಿನಲ್ಲಿ ಚೆನ್ನಾಗಿ ಬಂದಿವೆ.

ತಾವು ಬಾರದಿದ್ದರೂ ತಮಗೆಂದು ಒಂದು ಶಾಲು ಕಳಿಸಿದ್ದೇನೆ. ಬಾಲಮ್ಮನವರು ಕ್ಷೇಮವಾಗಿ ಊರು ಮುಟ್ಟಿದರೆಂದು ಭಾವಿಸುತ್ತೇನೆ. ಮಿಲ್ಲಿನ ಕೆಲಸ ಬಹಳವಿದೆ, ಹೆಚ್ಚು ಬರೆಯಲಾರೆ.

ವಿರೂಪಣ್ಣ

ಮಸರಕಲ್
4-12-1976

ಸಾಹುಕಾರರೇ,

ಶಾಲು ಮುಟ್ಟಿತು. ನಿಮ್ಮ ಕಾಗದ ಬಹಳ ಸಣ್ಣದಾಯಿತು. ಹೊಗಳುವುದಕ್ಕೆ ಮೂರು ಪುಟ ಬರೆಯುವ ಮನುಷ್ಯ ಈ ಸಲ ಅರ್ಧ ಪುಟಕ್ಕೇ ಮುಗಿಸಿದ್ದೀರಿ.

ಬಾಲಮ್ಮ ಕಲ್ಮಲದಲ್ಲಿ ಐದು ದಿನ ಇದ್ದು ಬಂದಳು. “ಆಟ ಹೆಂಗಾತು?” ಅಂದೆ. “ಚಲೋ ಆತು” ಅಂದಳು. “ನಾ ಇಲ್ಲದ್ದು ತಿಳೀತೇನು?” ಅಂದೆ. ಒಲೆ ಊದುತ್ತ ಕೂತಳು. ನಾನಿಲ್ಲದೆ ಚೆನ್ನಾಗಿಯೇ ಆಗಿರಬೇಕು, ನನಗೆ ನೋವಾದೀತೆಂದು ಹೇಳುತ್ತಿಲ್ಲ ಎಂದುಕೊಂಡು ಮತ್ತೂ ಉರಿದೆ. ಕೈಯಲ್ಲಿ ಬಳೆ ಕಡಿಮೆ ಇದ್ದವು. ಬಾವಿಕಟ್ಟೆಗೆ ಬಡಿದು ಒಡೆದವೆಂದಳು.

ಹುಡುಗರು ನನ್ನನ್ನು ಕಂಡರೆ ದಾರಿ ಬಿಟ್ಟು ಹೋಗುತ್ತಾರೆ. ಕನಕರಾಯ ಹದಿನೈದು ದಿನದಿಂದ ಹಾಡಿಲ್ಲ. ಭೈರವಿ ಮುಗಿದ ಮೇಲೆ ಅವನು ಹೇಗೆ ಎದ್ದ? ಇದೊಂದನ್ನು ಬರೆದು ತಿಳಿಸಿರಿ.

ಪರಮಣ್ಣ

ಮಸರಕಲ್
18-1-1977

ವಿರೂಪಣ್ಣಾ,

ನಾನು ಕೇಳಿದ್ದಕ್ಕೆ ನೀನು ಉತ್ತರ ಬರೆಯಲಿಲ್ಲ. ಯಾಕೆ ಬರೆಯಲಿಲ್ಲವೆಂದು ಮೊನ್ನೆ ದೇವದುರ್ಗದ ಸಂತೆಯಲ್ಲಿ ತಿಳಿಯಿತು. ಇವತ್ತಿನಿಂದ ನಿನಗೆ “ರೀ” ಹಚ್ಚುವುದಿಲ್ಲ. ಹಚ್ಚಿದರೆ ನನ್ನ ನಾಲಿಗೆ ಹೊಲಸಾಗುತ್ತದೆ.

ಚಹಾದ ಅಂಗಡಿಯಲ್ಲಿ ಮೂಕಪ್ಪ ಸಿಕ್ಕ. ನನ್ನ ಮುಖ ನೋಡಿ ಕೈಯಲ್ಲಿದ್ದ ಚಹಾದ ಬಸಿ ಕೆಳಗಿಟ್ಟ. “ಮಾಸ್ತರ್ರೇ, ಹೇಳಬ್ಯಾಡ ಅಂತ ಬಾಲಮ್ಮವ್ವ ಆಣಿ ಹಾಕ್ಯಾಳ” ಅಂದ. “ಆಕಿ ಆಣಿ ಆಕೀ ಹಂತ್ಯಾಕ ಇರಲಿ. ಬೊಗಳು” ಅಂದೆ. ಹೇಳಿದ.

ಬೂದೆಪ್ಪ ಕೀಚಕನಾಗಿ ಕುಣಿಯುತ್ತ ಬಂದನಂತೆ. ಮೂರು ಸುತ್ತು ಹಾಕಿ, ಸೊಂಟದ ಮೇಲೆ ಕೈಯಿಟ್ಟು ನಿಂತನಂತೆ. ನಿಂತ, ನಿಂತ, ನಿಂತೇ ಇದ್ದ. ಹದಿನಾಲ್ಕು ವರ್ಷದಿಂದ ಕೇಳಿದ ಮೇಲೆ ಬಾಯಿ ಬಿಡುವವನು, ಕೇಳದಿದ್ದರೆ ಹೇಗೆ ಬಿಟ್ಟಾನು? ಮೂಕಪ್ಪ ಮತ್ತೊಂದು ಸುತ್ತು ಮದ್ದಳೆ ಬಾರಿಸಿದ. ಬೂದೆಪ್ಪ ಮತ್ತೊಂದು ಸುತ್ತು ಕುಣಿದು ಮತ್ತೆ ನಿಂತ. ಜನ ಕಿಸಿಕಿಸಿ ನಕ್ಕರು. ನೀನು ಪರದೆಯ ಹಿಂದಿನಿಂದ “ಹೇಳೋ, ಯಾಕ ನಿಂತಿ?” ಅಂದೆ. ಅವನು ಮೈಕಿನ ಮುಂದೆಯೇ “ಯಾರೂ ಕೇಳವಲ್ಲರಲ್ರೀ!” ಅಂದ. ನನಗೆ ನಗು ಬಂತು. ಚಹಾದ ಅಂಗಡಿಯಲ್ಲಿ ಹೊಟ್ಟೆ ಹಿಡಿದು ನಕ್ಕೆ. ಮೂಕಪ್ಪ ನಗಲಿಲ್ಲ.

ಆಮೇಲೆ ಕನಕರಾಯ ಬಿದ್ದು ಹಾಡಿದ. ಹಾಡು ಮುಗಿಯಿತು. ಏಳಲಿಲ್ಲ. ಹಾರ್ಮೋನಿಯಂ ಪೇಟಿ ನಿಂತಿತು, ತಾಳ ನಿಂತಿತು. ನೀನು “ಏಳೋ, ಏಳೋ” ಅನ್ನುತ್ತಿದ್ದೆಯಂತೆ. ಅವನು ನೆಲಕ್ಕೆ ಮುಖ ಹಚ್ಚಿ ಬಿದ್ದೇ ಇದ್ದ. ಆಗ ಹೆಂಗಸರ ಕಡೆ ಚಾಪೆಯ ಮೇಲೆ ಕೂತಿದ್ದ ನನ್ನ ಬಾಲಮ್ಮ ಎದ್ದು ನಿಂತಳಂತೆ.

“ಲೇ ರಾಜಾ! ಬಾಯಾಗ ಏನು ಇಟ್ಕೊಂಡೀ? ಹೆಣ್ಮಗಳನ್ನ ಒದ್ದಾನಲ್ಲ, ಕಾಣವಲ್ದೇನು?”

ಜನ ಚಪ್ಪಾಳೆ ತಟ್ಟಿದರಂತೆ. ಕನಕರಾಯ ಎದ್ದ. ಅಲ್ಲಿಗೆ ಮುಗಿಯುತ್ತಿತ್ತು. ಆದರೆ ಆಕೆ ಮುಂದಿನ ಸಾಲಿನ ಕಡೆ ತಿರುಗಿದಳು. “ರಾಜಾ ಅಂತೂ ಮೂಗ ಆದ. ಮುಂದ ಕುಂತ ದೊಡ್ಡ ಮಂದಿ, ನೀವರ ಕೇಳ್ರಿ” ಅಂದಳು. ನಾನು ಹಳ್ಳಿಯ ಆಟದಲ್ಲಿ ಪ್ರತಿ ಸಲ ಅನ್ನುವ ಮಾತದು. ಮುಂದೆ ಕೂತ ಗೌಡರು ನಕ್ಕು ಮೀಸೆ ತಿರುವುತ್ತಾರೆ. ನಿನಗೆ ನಗು ಬರಲಿಲ್ಲ. ನೀನು ಕೈ ತೋರಿಸಿದೆ. ನಿನ್ನ ಇಬ್ಬರು ಆಳುಗಳು ಆಕೆಯ ರಟ್ಟೆ ಹಿಡಿದು ಚಾಪೆಯಿಂದ ಬಾಗಿಲ ತನಕ ಎಳೆದುಕೊಂಡು ಹೋದರು. ಬಳೆ ಒಡೆದದ್ದು ಬಾವಿಕಟ್ಟೆಗೆ ಬಡಿದಲ್ಲ. ಆಕೆಯನ್ನು ಹೊರಗೆ ಹಾಕಿ ಬಾಗಿಲು ಮುಚ್ಚಿ, ನೀನು ಮೈಕಿನಲ್ಲಿ “ಗದ್ದಲ ಮಾಡುವ ಹೆಂಗಸನ್ನು ಕಳಿಸಿದ್ದೇವೆ, ರಸಿಕರು ಕ್ಷಮಿಸಬೇಕು” ಅಂದೆ. ನನ್ನ ಮೇಳದ ಹನ್ನೆರಡು ಗಂಡಸರು ಮುಂದಿನ ಹಾಡು ಹಾಡಿದರು.

ನಿನ್ನ ಬಾಯಿಗೆ ಮಣ್ಣು ಬೀಳಲಿ. ಷಡ್ಜವಂತೆ, ರಸವಂತೆ! ಸೀರೆ ಉಟ್ಟ ಗಂಡಸು ಸುಳ್ಳೇ ಬಿದ್ದು ಹಾಡಿದರೆ ನಿನಗೆ ಕಣ್ಣಲ್ಲಿ ನೀರು. ನಿಜವಾದ ಹೆಂಗಸನ್ನು ನಿನ್ನ ಕಣ್ಣ ಮುಂದೆ ಎಳೆದರೆ ನಿನಗೆ ತಾಳ ತಪ್ಪಲಿಲ್ಲ. ನೀನು ಸಂಗೀತ ಕೇಳುವವನಲ್ಲ. ನಿನ್ನ ಕಿವಿಗೆ ಸುಖ ಬೇಕು, ಅಷ್ಟೇ.

ಮನೆಗೆ ಬಂದು ಬಾಲಮ್ಮನನ್ನು ಕೇಳಿದೆ. “ಹೇಳಿದ್ರ ನೀ ರಾಯಚೂರಿಗೆ ಹೋಗಿ ಏನರ ಮಾಡಿ ಜೇಲಿಗೆ ಹೋಗ್ತಿದ್ದಿ. ಕಾಲ ಕೆಟ್ಟದ. ಕುರಿ ಯಾರು ಕಾಯ್ಬೇಕು?” ಅಂದಳು. ನಾನು ಚೀರಾಡಿದೆ. ಆಕೆ ಚೀರಾಡಲಿಲ್ಲ, ಅದನ್ನು ತಡೆದುಕೊಳ್ಳಲು ನನ್ನಿಂದ ಮತ್ತೂ ಆಗಲಿಲ್ಲ.

ನಿನ್ನ ಶಾಲು ಇದರ ಜೊತೆ ವಾಪಸು ಬರುತ್ತದೆ. ಚಳಿಗೆ ಕುರಿಮರಿಗೆ ಹೊದಿಸಿದ್ದೆವು. ವಾಸನೆ ಬಂದರೆ ತೊಳೆದುಕೋ.

ಪರಮಣ್ಣ

ರಾಯಚೂರು
10-4-1977

ಪರಮಣ್ಣ ಮಾಸ್ತರರೇ,

ಮೂರು ತಿಂಗಳು ಉತ್ತರ ಬರೆಯಲಿಲ್ಲ. ಎಷ್ಟೋ ಸಲ ಬರೆಯಲು ಕೂತೆ. ಬರೆದದ್ದೆಲ್ಲ ನನಗೇ ಸುಳ್ಳೆನಿಸಿ ಹರಿದುಹಾಕಿದೆ. ಈಗ ನಿಜ ಬರೆಯುತ್ತೇನೆ.

ಹೊತ್ತು ಸಾಲದು ಎಂದದ್ದು ಸುಳ್ಳು. ಅವತ್ತು ದಶಾವತಾರ ಅರ್ಧ ತಾಸು ಮೊದಲೇ ಮುಗಿದಿತ್ತು. ನಾನು ನಿಮ್ಮ ನಾಲಿಗೆಗೆ ಹೆದರಿದ್ದೆ. ಮಾನ್ವಿಯ ಆಟದಲ್ಲಿ ವಿರಾಟರಾಜನನ್ನು ನಿಲ್ಲಿಸಿ ನೀವು ಕೇಳಿದ್ದು ನಿಮಗೆ ನೆನಪಿದೆಯೋ ಇಲ್ಲವೋ: “ನಿನ್ನ ರಾಜ್ಯದಾಗ ಭತ್ತ ಬೆಳದಾವಗ ಗಂಜಿ ಇಲ್ಲ, ಮಿಲ್ಲಿನಾಗಿನ ಇಲಿ ಬಿಳಿ ಅನ್ನ ಉಣ್ತದ, ಇದ್ಯಾವ ನ್ಯಾಯ ಮಹಾರಾಜಾ?” ಎಲ್ಲರೂ ನಕ್ಕರು. ನಾನೂ ನಕ್ಕೆ. ಮುಂದಿನ ವಾರ ನನ್ನ ಮಿಲ್ಲಿನ ತಪಾಸಣೆಗೆ ಜನ ಬಂದರು. ಅದಕ್ಕೂ ಇದಕ್ಕೂ ಸಂಬಂಧವಿತ್ತೋ ಇಲ್ಲವೋ ಇವತ್ತಿಗೂ ಗೊತ್ತಿಲ್ಲ. ಆದರೆ ಆಗಿನ ಕಾಲ ಹೇಗಿತ್ತೆಂದು ನಿಮಗೂ ಗೊತ್ತು. ತುರ್ತು ಪರಿಸ್ಥಿತಿ. ನಮ್ಮ ಓಣಿಯ ಇಬ್ಬರನ್ನು ಏನು ಅಂದದ್ದಕ್ಕೆ ಹಿಡಿದೊಯ್ದರೆಂದು ಅವರ ಮನೆಯವರಿಗೇ ತಿಳಿಯಲಿಲ್ಲ. ಅಂಥದ್ದರಲ್ಲಿ ಮುಂದಿನ ಸಾಲಿನಲ್ಲಿ ಸಾಹೇಬರು. ಸಾರಥಿ ಬೇಡವೆಂದು “ಎಲ್ಲರ ಅಭಿಪ್ರಾಯ” ಇರಲಿಲ್ಲ. ಅದು ನನ್ನೊಬ್ಬನದು.

ಬಾಲಮ್ಮನವರು ಎದ್ದಾಗ ನಾನು ಮೊದಲು ನೋಡಿದ್ದು ಸಾಹೇಬರ ಮುಖ. ನಾನು ಕೈ ತೋರಿಸಿದ್ದು ನಿಜ. ಸಾಹೇಬರಿಗೆ ಸಿಟ್ಟು ಬಂದಿರಲಿಲ್ಲ. ಹೋಗುವಾಗ ನನ್ನನ್ನು ಕರೆದು “ಆ ಹೆಂಗಸಿನ ಪಾತ್ರ ಬಹಳ ಚೆನ್ನಾಗಿತ್ತು, ಎಳೆದುಕೊಂಡು ಹೋದದ್ದಂತೂ ನಿಜವೆಂದೇ ಅನಿಸಿತು” ಅಂದರು. ನಾನು ಕೈಮುಗಿದು ನಕ್ಕೆ.

ಟೇಪಿನಲ್ಲಿ ಎಲ್ಲವೂ ಇದೆ. ಭೈರವಿ ಕೇಳೋಣವೆಂದು ಹಾಕುತ್ತೇನೆ. ಹಾಡು ಮುಗಿಯುತ್ತದೆ, ಆಮೇಲೆ ಬಾಲಮ್ಮನವರ ಮಾತು, ಬಳೆಯ ಸದ್ದು, ಅದರ ಹಿಂದೆಯೇ ನನ್ನ ದನಿ: “ಏಯ್, ಆಕೀನ ಹೊರಗ ಹಾಕ್ರಲೇ.” ಒಂದು ದಿನ ಸೂಗಮ್ಮ ಕೇಳಿಸಿಕೊಂಡಳು. “ಇದು ನಿಮ್ಮ ದನೀನ? ನಮ್ಮ ಮನ್ಯಾಗ ಆಳಿಗೂ ಹಿಂಗ ಮಾತಾಡೂದಿಲ್ಲಲ್ರೀ” ಅಂದಳು.

ಈಗ ಕಾಲ ತಿಳಿಯಾಗಿದೆ. ಚುನಾವಣೆ ಮುಗಿದು, ಎಲ್ಲರೂ ಬಾಯ್ತುಂಬ ಮಾತಾಡುತ್ತಿದ್ದಾರೆ. ಮೇ ಹದಿನಾಲ್ಕಕ್ಕೆ ರಾಯಚೂರಿನಲ್ಲಿ ನಿಮ್ಮ ಪೂರಾ ಆಟ ಇಡಿಸುತ್ತೇನೆ. ಬೆಳತನಕ ಆಡಿರಿ. ಸಾರಥಿಯಾಗಿ ನೀವೇ ನಿಲ್ಲಿರಿ, ಯಾರನ್ನು ಏನು ಬೇಕಾದರೂ ಕೇಳಿರಿ. ಅದಕ್ಕೂ ಮೊದಲು ನಾನೂ ಸೂಗಮ್ಮನೂ ಮಸರಕಲ್ಲಿಗೆ ಬಂದು ಬಾಲಮ್ಮನವರ ಕ್ಷಮೆ ಕೇಳುತ್ತೇವೆ. ಬರಲು ಅಪ್ಪಣೆ ಕೊಡಿರಿ.

ವಿರೂಪಣ್ಣ

ಮಸರಕಲ್
23-4-1977

ವಿರೂಪಣ್ಣ ಸಾಹುಕಾರರಿಗೆ,

ಬಾಲಮ್ಮ ಅಂದಳು: “ರೀ ಹಚ್ಚಿ ಬರೀ. ರೀ ಹಚ್ಚಿದ್ರ ಸಿಟ್ಟೇನು ಕಡಿಮಿ ಆಗೂದಿಲ್ಲ.” ಅದಕ್ಕೆ ಹಚ್ಚಿದ್ದೇನೆ. ಸಿಟ್ಟು ಕಡಿಮೆಯಾಗಿಲ್ಲ.

ಕಾಲ ತಿಳಿಯಾಗಿದೆ, ಏನು ಬೇಕಾದರೂ ಕೇಳಿರಿ ಅನ್ನುತ್ತೀರಿ. ಮಳೆ ನಿಂತ ಮೇಲೆ ಕಂಬಳಿ ಹೊದಿಸಲು ಬಂದಿರೇನು? ಈಗ ಕೇಳುವುದಕ್ಕೆ ಸಾರಥಿ ಯಾಕೆ ಬೇಕು? ಈಗ ಚಹಾದ ಅಂಗಡಿಯಲ್ಲಿ ಹೇಡಿಯೂ ಕೇಳುತ್ತಾನೆ. ಕೇಳಬೇಕಾದ ಹೊತ್ತು ನವೆಂಬರ್ ಇಪ್ಪತ್ತಕ್ಕೆ ಬಂದು ಹೋಯಿತು. ಆ ಹೊತ್ತಿಗೆ ಒಬ್ಬಳೇ ಒಬ್ಬಳು ಎದ್ದಳು.

ನಿಮ್ಮ ಕಾಗದ ಬರುವ ಮೊದಲೇ ಯುಗಾದಿ ಮುಗಿದ ಮೇಲೆ ತಾಲೀಮು ಹೂಡಿದ್ದೆ. ಬೂದೆಪ್ಪ ಬಂದು ನಿಂತ. ನಾನು ಬಾಯಿ ತೆರೆದೆ. “ತಾವು ಯಾರು” ಅನ್ನುವ ಮಾತು ಬರಲಿಲ್ಲ. ಮತ್ತೊಮ್ಮೆ ಮದ್ದಳೆ ಬಾರಿಸಲು ಹೇಳಿದೆ, ಮತ್ತೊಮ್ಮೆ ಬರಲಿಲ್ಲ. ಯಾಕೆ ಬರುತ್ತದೆ? ನಿಮ್ಮ ಮೇಲಿನ ಹಟಕ್ಕೆ ನಾನು ಕುರಿಹಟ್ಟಿಯಲ್ಲಿ ಕೂತೆ. ಪಾತ್ರ ಕೊಟ್ಟರೆ ಬರುತ್ತೇನೆ, ಕೊಡದಿದ್ದರೆ ಇಲ್ಲ ಅಂದೆ. ಸಾರಥಿಗೆ ಪಾತ್ರ ಕೊಡುವವರು ಯಾರು? ಎದ್ದು ಕೇಳಿದರೆ ಅವನು ಸಾರಥಿ. ಇದನ್ನು ಇಪ್ಪತ್ನಾಲ್ಕು ವರ್ಷ ಆಡಿದವನಿಗೆ ತಿಳಿಯಲಿಲ್ಲ. ನಿಮ್ಮನ್ನು ಬೈದು ಬೈದು ಸಾಕಾಗಿ ಈಗ ನನ್ನನ್ನು ಬೈದುಕೊಳ್ಳುತ್ತಿದ್ದೇನೆ.

ರುಮಾಲು, ಕಂಬಳಿ ತೆಗೆದು ಬಾಲಮ್ಮನ ಮುಂದಿಟ್ಟೆ. ನೀನೇ ಸಾರಥಿಯಾಗು ಅಂದೆ. ಆಕೆ ಕಾಲಿನಿಂದ ಅತ್ತ ಸರಿಸಿದಳು. “ನಾ ವೇಷಾ ಗೀಷಾ ಕಟ್ಟೂದಿಲ್ಲ. ಬೆಳತನಕ ನಿಂದ್ರಾಕ ನನ್ನ ಮೊಳಕಾಲು ಕೇಳೂದಿಲ್ಲ. ಅವತ್ತು ಆ ಹುಡುಗ ಬಿದ್ದಲ್ಲೇ ಬಿದ್ದಿದ್ದ, ಯಾರೂ ಕೇಳಲಿಲ್ಲ, ಸಂಕಟ ಆತು, ಕೇಳಿದೆ. ಮತ್ತ ಕೇಳೂದಾದ್ರ ಕುಂತಲ್ಲೇ ಕೇಳ್ತೀನಿ” ಅಂದಳು.

ಆದ್ದರಿಂದ ಹೀಗೆ ಗೊತ್ತುಮಾಡಿದ್ದೇವೆ. ಮೇ ಹದಿನಾಲ್ಕಕ್ಕೆ ಬರುತ್ತೇವೆ. ಆಟ ಪೂರಾ ಆಡುತ್ತೇವೆ. ಸಾರಥಿಯ ವೇಷ ಇರುವುದಿಲ್ಲ. ಬಾಲಮ್ಮ ಹೆಂಗಸರ ಕಡೆ, ಅವತ್ತು ಕೂತ ಜಾಗದಲ್ಲೇ, ಚಾಪೆಯ ಮೇಲೆ ಕೂಡುತ್ತಾಳೆ. ವೇಷಗಳು ಬಂದು ನಿಲ್ಲುತ್ತವೆ. ಆಕೆ ಕೇಳಿದ ಮೇಲೆ ಹೇಳುತ್ತವೆ. ಆಟದ ಮಾತೆಲ್ಲ ಆಕೆಗೆ ಬಾಯಿಪಾಠ. ಮೊದಲ ಸಾಲಿನಲ್ಲಿ ಯಾರೇ ಕೂತಿರಲಿ, ಅವರನ್ನೂ ಕೇಳುತ್ತಾಳೆ.

ನೀವು ಮಸರಕಲ್ಲಿಗೆ ಬರುವುದು ಬೇಡ. ಸೂಗಮ್ಮನವರು ಬೇಕಾದರೆ ಬರಲಿ, ರೊಟ್ಟಿ ಉಂಡು ಹೋಗಲಿ. ನಿಮ್ಮ ಕ್ಷಮೆಯ ಮಾತು ಓದಿ ಹೇಳಿದ್ದಕ್ಕೆ ಬಾಲಮ್ಮ ಅಂದದ್ದು: “ಹೊರಗ ಹಾಕಿದ್ದು ತುಂಬಿದ ಮಂದಿ ಮುಂದ. ಮಾಫಿ ಕೇಳಾಕ ನಮ್ಮ ಮನಿ ಮೂಲಿ ಯಾಕ?” ಯಾವ ಮೈಕಿನಲ್ಲಿ ಆಕೆಯನ್ನು ಗದ್ದಲ ಮಾಡುವ ಹೆಂಗಸು ಅಂದಿರೋ ಅದೇ ಮೈಕಿನಲ್ಲಿ, ಆಟಕ್ಕೆ ಮೊದಲು, ಆಕೆಯ ಹೆಸರು ಹಿಡಿದು ಕೇಳಿರಿ. ಕೊಡುವುದು ಬಿಡುವುದು ಆಕೆಗೆ ಬಿಟ್ಟದ್ದು.

ಕರಪತ್ರ ಅಚ್ಚು ಹಾಕಿಸುವಾಗ ನನ್ನ ಹೆಸರನ್ನು ವಿರಾಟರಾಜನ ಮುಂದೆ ಹಾಕಿಸಿರಿ. ಇಷ್ಟು ದಿನ ಗಡಿಗೆಪ್ಪ ಆ ಪಾತ್ರ ಮಾಡುತ್ತಿದ್ದ, ಈಗ ನಾನು ತೆಗೆದುಕೊಂಡಿದ್ದೇನೆ. ಹೆಚ್ಚು ಮಾತಿಲ್ಲದ ಪಾತ್ರ. ಹೆಂಗಸನ್ನು ಒದೆಯುವಾಗ ಸುಮ್ಮನೆ ಕೂತಿರಬೇಕು. ನವೆಂಬರಿನಲ್ಲಿ ಹಟ್ಟಿಯಲ್ಲಿ ಕೂತು ಅದನ್ನು ಚೆನ್ನಾಗಿ ಕಲಿತಿದ್ದೇನೆ. ಆಕೆ ಕೂತಲ್ಲಿಂದಲೇ “ಲೇ ರಾಜಾ” ಎಂದು ಕೇಳುವಾಗ ಆ ಸಿಂಹಾಸನದಲ್ಲಿ ನಾನೇ ಇರಬೇಕು.

ರಾಜನ ಮಗ್ಗುಲಿಗೆ ಒಬ್ಬ ಮಂತ್ರಿಯೂ ಇರುತ್ತಾನೆ, ಅವನಿಗಂತೂ ಒಂದು ಮಾತೂ ಇಲ್ಲ. ನಮ್ಮ ಮೇಳದ ಹುಡುಗರು ಯಾರೂ ಅದಕ್ಕೆ ಒಪ್ಪುತ್ತಿಲ್ಲ. ಆ ಪಾತ್ರ ನಿಮಗಿಟ್ಟಿದ್ದೇನೆ. ಸಂಜೆ ಆರಕ್ಕೇ ಬಂದು ಬಣ್ಣ ಹಚ್ಚಿಸಿಕೊಳ್ಳಿರಿ.

ಪರಮಣ್ಣ